ಪಿಯಾನೋ ಶ್ರುತಿಕಾರ್ಯದಲ್ಲಿ ನಿಸ್ತಂತು ಸ್ವಿಚ್ಚು: ಒಂದು ಚಾರಿತ್ರಿಕ ವಿವೇಚನೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪೇಟೆಂಟುಗಳನ್ನೂ ಕಾರ್ಖಾನೆಗಳ ದಾಖಲೆಗಳನ್ನೂ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಕುಶಲಕರ್ಮಿಯು ತನ್ನ ಅನುಕೂಲಕ್ಕಾಗಿ ಮನೆಯಲ್ಲಿಯೇ ಮಾಡಿಕೊಂಡ ಸಾಧನಗಳಿಗೆ ಅಂತಹ ಚರಿತ್ರೆಯಲ್ಲಿ ಸ್ಥಾನ ದೊರೆಯುವುದು ವಿರಳ. ಪಿಯಾನೋ ಶ್ರುತಿಕಾರರ ನಿಸ್ತಂತು ಸ್ವಿಚ್ಚನ್ನು ಇದಕ್ಕೆ ನಿದರ್ಶನವಾಗಿ ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಶ್ರುತಿಯನ್ನು ನಿಖರವಾಗಿ ಅಳೆಯುವ ಕಾರ್ಯದಲ್ಲಿ ಮೊದಲಿಗರಲ್ಲೊಬ್ಬನಾದ ಯೋಹಾನ್ ಹೈನ್ರಿಖ್ ಷೈಬ್ಲರನು ವಾದ್ಯ ತಯಾರಕನಲ್ಲ. ಜರ್ಮನಿಯ ಕ್ರೇಫೆಲ್ಡ್ ನಗರದ ರೇಷ್ಮೆಯ ಉದ್ಯಮಿ. 56 ಶ್ರುತಿಕವೆಗಳ ಶ್ರೇಣಿಯೊಂದನ್ನು ರಚಿಸಿದ ಆತನು 1834ರಲ್ಲಿ ಸೆಕೆಂಡಿಗೆ 440 ಕಂಪನಗಳ ಶ್ರುತಿಯನ್ನು ಪ್ರತಿಪಾದಿಸಿದನು. 1936ರಲ್ಲಿ ಅಮೆರಿಕದ ಕಾನ್ ಸಂಸ್ಥೆಯು ಸ್ಟ್ರೋಬೋಕಾನ್ ಎಂಬ ವಿದ್ಯುತ್ ಉಪಕರಣವನ್ನು ಹೊರತಂದಿತು. ಅದರ 12 ಕಿಂಡಿಗಳಲ್ಲಿ ತಿರುಗುವ ಪಟ್ಟೆಗಳು ಶ್ರುತಿ ಸರಿಯಾದೊಡನೆ ನಿಂತಂತೆ ತೋರುತ್ತಿದ್ದುವು. ಪ್ರತಿಯೊಂದು ಸ್ವರಕ್ಕೂ ಪ್ರತ್ಯೇಕ ಕಿಂಡಿ ಇದ್ದುದರಿಂದ ಸ್ವರವನ್ನು ಆಯ್ದುಕೊಳ್ಳುವ ಪ್ರಶ್ನೆಯೇ ಏಳಲಿಲ್ಲ. ಮುಂದೆ ಉಪಕರಣವು ಕಿರಿದಾಗಿ ಒಂದೇ ಕಿಂಡಿ ಉಳಿದಾಗ ಸ್ವರದಿಂದ ಸ್ವರಕ್ಕೆ ಅದನ್ನು ಬದಲಾಯಿಸುವ ಹೊಸ ಕೆಲಸವೊಂದು ಶ್ರುತಿಕಾರನ ಮೇಲೆ ಬಿತ್ತು.

ಪಿಯಾನೋವಿನಲ್ಲಿ 88 ಮನೆಗಳೂ ಸುಮಾರು 230 ತಂತಿಗಳೂ ಇರುತ್ತವೆ. ತಂಬೂರಿಯನ್ನು ಶ್ರುತಿ ಮಾಡುವವನ ಒಂದು ಕೈ ಬಿರಡೆಯ ಮೇಲೆಯೂ ಇನ್ನೊಂದು ತಂತಿಯ ಮೇಲೆಯೂ ಇರುವಂತೆ, ಪಿಯಾನೋ ಶ್ರುತಿಕಾರನ ಒಂದು ಕೈ ತಿರುಗಿಸುವ ಸನ್ನೆಯನ್ನು ಹಿಡಿದಿರುತ್ತದೆ, ಇನ್ನೊಂದು ಮನೆಯನ್ನು ಒತ್ತುತ್ತದೆ. ಉಪಕರಣದ ಗುಂಡಿಗೆ ಮೂರನೆಯ ಕೈ ಎಲ್ಲಿಂದ ಬರಬೇಕು? ಈ ಕೊರತೆಯನ್ನು ತುಂಬಿದುದು ಕಾಲಿನಿಂದ ಒತ್ತುವ ಸ್ವಿಚ್ಚು. ಆದರೆ ಅದರ ತಂತಿಯು ಪಿಯಾನೋವಿನ ಕೆಳಗೆ ಕಾಲಿಗೆ ತೊಡರುತ್ತಿತ್ತು.

ಆದುದರಿಂದಲೇ ಕೆಲವರು ನಿಸ್ತಂತು ಮಾರ್ಗವನ್ನು ಹಿಡಿದರು. ಅಗ್ಗದ ರೇಡಿಯೋ ಪ್ರೇಷಕವೊಂದನ್ನು ಪೆಟ್ಟಿಗೆಯಲ್ಲಿಟ್ಟು ಕಾಲ ಬಳಿ ಇರಿಸುವುದು. ಗ್ರಾಹಕದ ರಿಲೇಯನ್ನು ಉಪಕರಣದ ಸ್ವಿಚ್ಚಿನ ಕಿಂಡಿಗೆ ಜೋಡಿಸುವುದು—ಇಷ್ಟೇ ಅದರ ರಚನೆ. ರಿಲೇಯು ಎರಡು ಮಂಡಲಗಳನ್ನು ಬೇರ್ಪಡಿಸುವುದರಿಂದ ಹೊರಗಿನ ವಿದ್ಯುತ್ತು ಬೆಲೆಬಾಳುವ ಉಪಕರಣವನ್ನು ಹೊಗುವುದಿಲ್ಲ. ತತ್ತ್ವವು ಸರಳವಾದರೂ ಆಚರಣೆಯಲ್ಲಿ ಸೂಕ್ಷ್ಮಗಳಿವೆ. ಲೋಹದ ಸಂಪರ್ಕವು ಒತ್ತಿದೊಡನೆ ಪುಟಿಯುವುದರಿಂದ ಒಂದು ಒತ್ತು ಎರಡಾಗಿ ಎಣಿಕೆಯಾಗಬಹುದು. ಆಗ ಉಪಕರಣವು ಒಂದು ಸ್ವರವನ್ನು ದಾಟಿ ಮುಂದೆ ಹೋಗುತ್ತದೆ, ಶ್ರುತಿಕಾರನು ಗಮನಿಸದಿದ್ದರೆ ತಂತಿಯನ್ನು ತಪ್ಪು ಸ್ವರಕ್ಕೆ ಬಿಗಿದು ಕಡಿದುಕೊಳ್ಳಲೂಬಹುದು. ಸ್ವಿಚ್ಚಿನ ಸದ್ದೂ ಮೈಕ್ರೋಫೋನಿಗೆ ತಗುಲಬಾರದು. ಇವುಗಳ ಪರಿಹಾರಕ್ಕೆ ವಿದ್ಯುದ್ವಿಜ್ಞಾನದ ಜೊತೆಗೆ ಕಸುಬಿನ ಅನುಭವವೂ ಅವಶ್ಯಕ.

ಮೇಲಿನ ವಿವೇಚನೆಯಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ಯಂತ್ರವು ಕಿವಿಯ ಭಾರವನ್ನು ಹಗುರ ಮಾಡಿತು. ಕೈಯ ಭಾರವನ್ನು ಹೆಚ್ಚಿಸಿತು. ಆ ಅಂತರವನ್ನು ತುಂಬಿದವರಲ್ಲಿ ಉಪಕರಣವನ್ನು ಬಳಸಿದವರೂ ಸೇರಿದ್ದಾರೆ. ಅವರ ಕೈಕೆಲಸಕ್ಕೆ ಪೇಟೆಂಟಿಲ್ಲ. ಉಪಕರಣವು ಹಳತಾದೊಡನೆ ಆ ಪೆಟ್ಟಿಗೆಯೂ ಕಸವನ್ನು ಸೇರುತ್ತದೆ. ಶಾಸನಗಳನ್ನೂ ನಾಣ್ಯಗಳನ್ನೂ ಜತನದಿಂದ ಸಂಗ್ರಹಿಸುವ ನಾವು ಇಂತಹ ವಸ್ತುಗಳನ್ನೂ ಆಕರಗಳೆಂದು ಪರಿಗಣಿಸದಿದ್ದರೆ, ತಯಾರಿಸಿದವನ ಚರಿತ್ರೆ ಉಳಿದು ದುಡಿದವನ ಚರಿತ್ರೆ ಅಳಿಯುವುದು.