ಎಣ್ಣೆ ಇಲ್ಲದ ‘ಎಲೆಕ್ಟ್ರಾನಿಕ್ ಟಿಸಿ’ ಬಂದರೆ ಕರೆಂಟ್ ಹೋಗುವುದೇ ಇಲ್ಲವೇ?

‘ಸಾಲಿಡ್ ಸ್ಟೇಟ್ ಟ್ರಾನ್ಸ್‌ಫಾರ್ಮರ್ ಬರ್ತಿದೆ. ಅದರಲ್ಲಿ ಸುರುಳಿ ಇಲ್ಲ, ಅದು ಸುಡೋದಿಲ್ಲ, ಇನ್ನು ಕರೆಂಟ್ ಹೋಗೋದೇ ಇಲ್ಲ.’ ಇಂಥದೊಂದು ಸಂದೇಶ ನಿಮ್ಮ ಗುಂಪಿಗೆ ಬಂದರೆ ನಂಬಬಹುದೇ? ತಂತ್ರಜ್ಞಾನ ನಿಜ, ಆದರೆ ಈ ಮೂರೂ ಮಾತು ಸರಿಯಲ್ಲ. ಯಾಕೆ ಎಂದು ನೋಡೋಣ.

ಈಗಿನ ಟಿಸಿ ಹೇಗೆ ಕೆಲಸ ಮಾಡುತ್ತದೆ?

ಶಹಾಬಾದ್ ಪಕ್ಕದ ಭಂಕೂರ ಇರಲಿ, ಸೇಡಂ, ಚಿಂಚೋಳಿ ಕಡೆಯ ಹಳ್ಳಿ ಇರಲಿ, ಜೆಸ್ಕಾಂ ಲೈನಿನ 11,000 ವೋಲ್ಟನ್ನು ಮನೆ, ಪಂಪ್‌ಸೆಟ್‌ಗಳಿಗೆ ತಕ್ಕಂತೆ ಇಳಿಸುವುದು ಟಿಸಿ. ಅದರೊಳಗೆ ಕಬ್ಬಿಣದ ಕೋರ್, ಅದರ ಸುತ್ತ ತಂತಿಯ ಸುರುಳಿ, ತಂಪಿಡಲು ಎಣ್ಣೆ ಇರುತ್ತವೆ. ನಮ್ಮ ಎಸಿ ಕರೆಂಟಿನ ಆವರ್ತನ 50 ಹರ್ಟ್ಸ್. ಇಷ್ಟು ಕಡಿಮೆ ಆವರ್ತನಕ್ಕೆ ದೊಡ್ಡ ಕೋರ್ ಬೇಕು. ಟಿಸಿ ಅಷ್ಟು ಭಾರ ಇರುವುದು ಅದಕ್ಕೇ.

ಹೊಸದರಲ್ಲಿ ಏನಿದೆ?

ನಿಮ್ಮ ಮೊಬೈಲ್ ಚಾರ್ಜರ್ ನೋಡಿ. ಅದು ಎಸಿಯನ್ನು ಡಿಸಿ ಮಾಡಿ, ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಆನ್-ಆಫ್ ಮಾಡುತ್ತದೆ. ಆವರ್ತನ ಹೆಚ್ಚಿದಷ್ಟೂ ಕೋರ್ ಚಿಕ್ಕದಾಗುತ್ತದೆ. ಅದಕ್ಕೇ ಚಾರ್ಜರ್ ಅಂಗೈಯಲ್ಲಿ ಹಿಡಿಸುತ್ತದೆ. ಸಾಲಿಡ್ ಸ್ಟೇಟ್ ಟ್ರಾನ್ಸ್‌ಫಾರ್ಮರ್ ಇದೇ ಉಪಾಯವನ್ನು ಸಾವಿರಾರು ವೋಲ್ಟ್‌ನಲ್ಲಿ ಮಾಡುತ್ತದೆ.

ಕಲ್ಪನೆ ಹೊಸದಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಮ್ಯಾಕ್‌ಮರ್ರೆ ಅವರಿಗೆ 1970ರಲ್ಲೇ ಇದರ ಪೇಟೆಂಟ್ ಸಿಕ್ಕಿತ್ತು. ಆದರೆ ಅಷ್ಟು ವೋಲ್ಟೇಜ್ ತಾಳಿಕೊಂಡು ಅಷ್ಟು ವೇಗವಾಗಿ ಕೆಲಸ ಮಾಡುವ ಸ್ವಿಚ್‌ಗಳು ಆಗ ಇರಲಿಲ್ಲ. ಸಿಲಿಕಾನ್ ಕಾರ್ಬೈಡ್ ಸ್ವಿಚ್‌ಗಳು ಬಂದ ಮೇಲೆ ಕೆಲಸ ಚುರುಕಾಯಿತು. ಎಬಿಬಿ ಕಂಪನಿ ಸ್ವಿಟ್ಜರ್ಲೆಂಡಿನ ಒಂದು ರೈಲ್ವೆ ಎಂಜಿನ್‌ನಲ್ಲಿ 2012ರಲ್ಲಿ ಇದನ್ನು ಓಡಿಸಿ ನೋಡಿದೆ.

ಸಂದೇಶದ ಮೂರು ಮಾತು

ಸುರುಳಿ ಇಲ್ಲ: ತಪ್ಪು. ಸುರುಳಿ, ಕೋರ್ ಎರಡೂ ಇವೆ, ಗಾತ್ರ ಚಿಕ್ಕದು ಅಷ್ಟೇ.

ಸುಡುವುದಿಲ್ಲ: ತಪ್ಪು. ಎಣ್ಣೆಯ ಟಿಸಿ ಸ್ವಲ್ಪ ಹೊತ್ತು ಹೆಚ್ಚಿನ ಲೋಡ್ ತಡೆಯುತ್ತದೆ. ಎಲೆಕ್ಟ್ರಾನಿಕ್ ಸ್ವಿಚ್‌ಗಳಿಗೆ ಅಷ್ಟು ತಾಳ್ಮೆ ಇಲ್ಲ. ಮಿತಿಮೀರಿದ ಲೋಡ್, ಸಿಡಿಲಿನಿಂದ ಅವನ್ನು ಕಾಪಾಡಲು ಬೇರೆ ವ್ಯವಸ್ಥೆಯೇ ಬೇಕು. ಬೆಲೆಯೂ ಹಲವು ಪಟ್ಟು ಹೆಚ್ಚು.

ಕರೆಂಟ್ ಹೋಗುವುದಿಲ್ಲ: ತಪ್ಪು. ಯಾವ ಟ್ರಾನ್ಸ್‌ಫಾರ್ಮರ್ ಕೂಡ ಕರೆಂಟ್ ಉತ್ಪಾದಿಸುವುದಿಲ್ಲ. ಲೈನಿನಲ್ಲೇ ಕರೆಂಟ್ ಇಲ್ಲದಿದ್ದರೆ ಹೊಸ ಟಿಸಿ ಏನು ಕೊಟ್ಟೀತು?

ಹಾಗಾದರೆ ಲಾಭ ಎಲ್ಲಿ?

ಇದು ವೋಲ್ಟೇಜ್ ಏರಿಳಿತವನ್ನು ತಾನೇ ಸರಿಪಡಿಸಬಲ್ಲದು. ನೇರವಾಗಿ ಡಿಸಿಯನ್ನೂ ಕೊಡಬಲ್ಲದು. ಹಾಗಾಗಿ ಸೋಲಾರ್ ಘಟಕ, ವಿದ್ಯುತ್ ವಾಹನಗಳ ಚಾರ್ಜಿಂಗ್ ಕೇಂದ್ರ, ಡೇಟಾ ಸೆಂಟರ್‌ಗಳಿಗೆ ಇದು ಹೆಚ್ಚು ಹೊಂದುತ್ತದೆ. ಹಳ್ಳಿಯ ಕಂಬಕ್ಕೆ ಸದ್ಯ ಹಳೆಯ ಟಿಸಿಯೇ ಅಗ್ಗ, ಗಟ್ಟಿ.

ಇವತ್ತು ನಾವು ಮಾಡಬೇಕಾದದ್ದು

ಟಿಸಿ ಸುಡಲು ಒಂದು ದೊಡ್ಡ ಕಾರಣ ಅದರ ಶಕ್ತಿ ಮೀರಿದ ಲೋಡ್. ಅನಧಿಕೃತ ಸಂಪರ್ಕ ಬೇಡ. ಎಲ್ಲ ಪಂಪ್‌ಸೆಟ್ ಒಮ್ಮೆಗೇ ಚಾಲೂ ಮಾಡುವುದೂ ಬೇಡ. ಫ್ಯೂಸ್ ಹೋದರೆ ನೀವೇ ಟಿಸಿ ಹತ್ತಬೇಡಿ, ಲೈನ್ ಬಂದ್ ಆಗಿದೆ ಎಂದು ಯಾರು ಹೇಳಿದರೂ ಸರಿ. 1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ. ಇದರಿಂದ ಒಂದು ಜೀವ ಉಳಿಯಬಹುದು.