ಹೇಳಿದರೆ ಏನಾದೀತು: ಮನೋಚಿಕಿತ್ಸೆಯಲ್ಲಿ ಅಪಾಯದ ಗುರುತು ಮತ್ತು ಸ್ಪಂದನೆ

ಅಮೆರಿಕದ ಮನೋವೈದ್ಯ ಅಲೆಕ್ಸ್ ಪೊಕೊರ್ನಿ 1983ರಲ್ಲಿ ಪ್ರಕಟಿಸಿದ ಅಧ್ಯಯನ ಹಳೆಯದಾದರೂ ಅದರ ಲೆಕ್ಕ ಇಂದಿಗೂ ಮುಜುಗರ ತರುತ್ತದೆ. ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ದಾಖಲಾದ 4,800 ಮಾಜಿ ಸೈನಿಕರನ್ನು ಆತ ಅಂದಿನ ಅತ್ಯುತ್ತಮ ಮಾಪನಗಳಿಂದ ಅಳೆದು, 803 ಮಂದಿಯನ್ನು ಹೆಚ್ಚು ಅಪಾಯದವರೆಂದು ಗುರುತಿಸಿದ. ಮುಂದಿನ ವರ್ಷಗಳಲ್ಲಿ 67 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 30 ಮಂದಿ ಗುರುತಿಸಲಾದ ಗುಂಪಿನವರು. ಉಳಿದ 37 ಮಂದಿ ಚಿಂತೆಯಿಲ್ಲವೆಂದು ಬಿಟ್ಟ ಗುಂಪಿನವರು. 2017ರಲ್ಲಿ ಜೋಸೆಫ್ ಫ್ರಾಂಕ್ಲಿನ್ ಮತ್ತು ಸಂಗಡಿಗರು ಐದು ದಶಕಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಮುನ್ಸೂಚನೆಯ ಶಕ್ತಿ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಸ್ವಲ್ಪವೇ ಮೇಲಿತ್ತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ‘ನೈಸ್’ 2022ರಲ್ಲಿ ನೇರವಾಗಿಯೇ ಹೇಳಿತು: ಮುಂದೇನಾಗುವುದೆಂದು ಊಹಿಸಲು ಮಾಪನಗಳನ್ನು ಬಳಸಬೇಡಿ, ಜನರನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ವಿಂಗಡಿಸಬೇಡಿ.

ಹೀಗಿದ್ದೂ ನಮ್ಮ ತರಬೇತಿ ಕೊಠಡಿಗಳಲ್ಲಿ ಅಪಾಯದ ಪಾಠ ಇಂದಿಗೂ ಎರಡು ಮೆಟ್ಟಿಲಿನದು. ಮೊದಲು ಗುರುತಿಸು, ಆಮೇಲೆ ಸ್ಪಂದಿಸು. ಈ ಕ್ರಮವೇ ತಲೆಕೆಳಗು ಎಂಬುದು ಈ ಲೇಖನದ ವಾದ. ಹೇಳಿದರೆ ಈ ಮನುಷ್ಯ ಏನು ಮಾಡಿಯಾನು ಎಂದು ಎದುರು ಕೂತವರು ಮೊದಲೇ ಅಂದಾಜು ಹಾಕಿರುತ್ತಾರೆ. ಆ ಅಂದಾಜು ಅನುಮತಿಸಿದಷ್ಟೇ ಬಾಯಿ ಬಿಡುತ್ತಾರೆ. ಚಿಕಿತ್ಸಕ ನಾಳೆ ಕೊಡಲಿರುವ ಸ್ಪಂದನೆ ಇವತ್ತಿನ ಗುರುತಿಸುವಿಕೆಯ ಮಿತಿಯನ್ನು ಆಗಲೇ ಗೆರೆ ಹಾಕಿಬಿಟ್ಟಿರುತ್ತದೆ.

ಇದಕ್ಕೆ ಪುರಾವೆ ಉಂಟು. ಆಸ್ಪತ್ರೆಯಲ್ಲಿದ್ದಾಗ ಅಥವಾ ಬಿಡುಗಡೆಯಾದ ಕೂಡಲೇ ಆತ್ಮಹತ್ಯೆ ಮಾಡಿಕೊಂಡ 76 ರೋಗಿಗಳ ದಾಖಲೆಗಳನ್ನು ಬುಶ್, ಫಾಸೆಟ್ ಮತ್ತು ಜೇಕಬ್ಸ್ 2003ರಲ್ಲಿ ಪರಿಶೀಲಿಸಿದರು. ಕೊನೆಯ ಮಾತುಕತೆಯ ಮಾಹಿತಿ ಸಿಕ್ಕವರಲ್ಲಿ 78% ಮಂದಿ ಅಂಥ ಯೋಚನೆ ಇಲ್ಲವೆಂದೇ ಹೇಳಿದ್ದರು. ಚಿಕಿತ್ಸೆಗೆ ಬರುವವರು ಈ ಯೋಚನೆಯನ್ನು ಏಕೆ ಮುಚ್ಚಿಡುತ್ತಾರೆಂದು ಬ್ಲಾಂಚರ್ಡ್ ಮತ್ತು ಫಾರ್ಬರ್ ಕೇಳಿದಾಗ ಮುಂದೆ ನಿಂತ ಕಾರಣ ನಾಚಿಕೆಯಲ್ಲ, ಪರಿಣಾಮದ ಭಯ: ಆಸ್ಪತ್ರೆಗೆ ಸೇರಿಸಿಬಿಡುತ್ತಾರೆ, ಕೈಮೀರಿದ್ದು ಏನೋ ಶುರುವಾಗುತ್ತದೆ. ನಮ್ಮಲ್ಲಿ ಇದಕ್ಕೆ ಪೊಲೀಸ್ ಠಾಣೆಯ ನೆರಳೂ ಸೇರಿತ್ತು. ಆತ್ಮಹತ್ಯಾ ಯತ್ನ ದಂಡ ಸಂಹಿತೆಯ 309ನೇ ಸೆಕ್ಷನ್ನಿನಡಿ ಅಪರಾಧವಾಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯಿಂದ ಬಿಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಕಾನೂನು ಬದಲಾಯಿತು, ‘ಕೇಸ್ ಆಗುತ್ತದೆ’ ಎಂಬ ಅಳುಕು ಜನರ ಬಾಯಲ್ಲಿ ಇನ್ನೂ ಇದೆ.

ಪ್ರಶ್ನೆ ಕೇಳುವ ರೀತಿಯೂ ಒಂದು ಮುಂಗಡ ಸ್ಪಂದನೆಯೇ. ಬ್ರಿಟನ್ನಿನ 319 ಹೊರರೋಗಿ ಭೇಟಿಗಳ ವಿಡಿಯೊ ಮುದ್ರಣಗಳನ್ನು ರೋಸ್ ಮೆಕೇಬ್ ತಂಡ 2017ರಲ್ಲಿ ವಿಶ್ಲೇಷಿಸಿತು. ಆತ್ಮಹತ್ಯೆ ಕುರಿತ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ‘ಇಲ್ಲ’ ಎಂಬ ಉತ್ತರವನ್ನು ಬೇಡುವ ಧಾಟಿಯವು, ಮತ್ತು ರೋಗಿಗಳು ಹೆಚ್ಚಾಗಿ ‘ಇಲ್ಲ’ ಎಂದೇ ಹೇಳಿದ್ದರು. ಕನ್ನಡದಲ್ಲಿ ಇದು ಇನ್ನೂ ಸಲೀಸು. ‘ಅಂಥ ಯೋಚನೆಯೆಲ್ಲ ಏನೂ ಇಲ್ಲ ತಾನೇ?’ ಎಂದು ಕೇಳಿದವರಿಗೆ ‘ಅಯ್ಯೋ, ಇಲ್ಲ ಮೇಡಂ’ ಎನ್ನದೆ ಇನ್ನೇನು ಹೇಳಲು ಸಾಧ್ಯ? ಪ್ರಶ್ನೆ ಕೇಳಿದ ತೃಪ್ತಿ ಚಿಕಿತ್ಸಕರಿಗೆ, ತಪ್ಪಿಸಿಕೊಂಡ ನಿರಾಳ ಎದುರಿನವರಿಗೆ. ಕಡತದಲ್ಲಿ ‘ಅಪಾಯವಿಲ್ಲ’ ಎಂಬ ಟಿಕ್ಕು.

ಬದಲಿಗೆ ಆ ವ್ಯಕ್ತಿ ಈಗಾಗಲೇ ಆಡಿದ ಮಾತನ್ನೇ ಹಿಡಿದು ಮುಂದೆ ಹೋಗಬಹುದು. ‘ಸಾಕಾಗಿಹೋಗಿದೆ’, ‘ದೇವರು ಬೇಗ ಕರೆದುಕೊಂಡರೆ ಸಾಕು’, ‘ನಾನಿಲ್ಲದಿದ್ದರೆ ಮನೆಯವರಾದರೂ ನೆಮ್ಮದಿಯಾಗಿರುತ್ತಾರೆ’ ಎಂಬ ಮಾತುಗಳನ್ನು ಆಪ್ತಸಮಾಲೋಚಕರು ದಿನವೂ ಕೇಳುತ್ತಾರೆ. ಮೂರರ ತೂಕ ಒಂದೇ ಅಲ್ಲ. ಕೊನೆಯದು, ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ ಆತ್ಮಹತ್ಯೆ ಕುರಿತ ತನ್ನ ಸಿದ್ಧಾಂತದ ನಡುವೆ ಇಟ್ಟ, ತಾನು ಇತರರಿಗೆ ಹೊರೆ ಎಂಬ ಭಾವ. ಕಿವಿ ನಿಮಿರಬೇಕಾದ್ದು ಅಲ್ಲಿ. ‘ಇಷ್ಟು ಕಷ್ಟ ಬಂದಾಗ ಸತ್ತರೆ ವಾಸಿ ಅಂತ ಕೆಲವರಿಗೆ ಅನ್ನಿಸುತ್ತೆ. ನಿಮಗೆ ಅನ್ನಿಸಿದೆಯಾ?’ ಎಂದು ಕೇಳಿ, ಹೌದೆಂದರೆ ಎಷ್ಟು ದಿನದಿಂದ, ಯಾವ ಹೊತ್ತಿನಲ್ಲಿ, ಹೇಗೆಂದು ಯೋಚಿಸಿದ್ದುಂಟೇ, ಅದು ಕೈಗೆಟುಕುವಂತಿದೆಯೇ, ಇದುವರೆಗೆ ತಡೆದದ್ದು ಏನು ಎಂದು ಒಂದೊಂದಾಗಿ ಇಳಿಯಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾದೀತು ಎಂಬ ಅಂಜಿಕೆಗೆ ಆಧಾರವಿಲ್ಲ. ಮ್ಯಾಡೆಲಿನ್ ಗೂಲ್ಡ್ ತಂಡ 2005ರಲ್ಲಿ 2,342 ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಇದನ್ನೇ ಪರೀಕ್ಷಿಸಿತು. ಕೇಳಿಸಿಕೊಂಡವರಲ್ಲಿ ಸಂಕಟ ಹೆಚ್ಚಲಿಲ್ಲ.

ಸ್ಪಂದನೆ ತಪ್ಪಿದರೆ ಬಾಯಿ ಹೇಗೆ ಮುಚ್ಚುತ್ತದೆ ಎಂಬುದಕ್ಕೆ ಈ ಕ್ಷೇತ್ರದ ಅತಿ ಪ್ರಸಿದ್ಧ ಪ್ರಕರಣವೇ ಸಾಕ್ಷಿ. ಅದರ ನಡುವೆ ಇದ್ದದ್ದು ಭಾರತದಿಂದ ಬರ್ಕ್ಲಿಗೆ ಓದಲು ಹೋದ ಪ್ರಸೇನ್‌ಜಿತ್ ಪೊದ್ದಾರ್. 1969ರಲ್ಲಿ ಆತ ವಿಶ್ವವಿದ್ಯಾಲಯದ ಆಸ್ಪತ್ರೆಯ ಮನಶ್ಶಾಸ್ತ್ರಜ್ಞನೆದುರು ಯುವತಿಯೊಬ್ಬಳನ್ನು ಕೊಲ್ಲುವ ಇಂಗಿತ ಹೇಳಿಕೊಂಡ. ಚಿಕಿತ್ಸಕ ಕ್ಯಾಂಪಸ್ ಪೊಲೀಸರಿಗೆ ತಿಳಿಸಿದ; ಅವರು ವಿಚಾರಿಸಿ, ಸರಿಯಾಗಿಯೇ ಇದ್ದಾನೆಂದು ಬಿಟ್ಟರು. ಪೊದ್ದಾರ್ ಮತ್ತೆ ಚಿಕಿತ್ಸೆಗೆ ಬರಲಿಲ್ಲ. ಆ ಯುವತಿ ಟಟಿಯಾನಾ ತರಾಸಾಫ್‌ಗೆ ಯಾರೂ ಎಚ್ಚರಿಕೆ ಕೊಡಲಿಲ್ಲ. ಅಕ್ಟೋಬರ್ 27ರಂದು ಅವಳ ಕೊಲೆಯಾಯಿತು. 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ಅಪಾಯದಲ್ಲಿರುವ ಮೂರನೆಯವರನ್ನು ರಕ್ಷಿಸುವ ಹೊಣೆ ಚಿಕಿತ್ಸಕರಿಗಿದೆ ಎಂದಿತು. ಪಠ್ಯಪುಸ್ತಕಗಳು ಎತ್ತಿಹೇಳುವುದು ಆ ತೀರ್ಪನ್ನು. ನನಗೆ ಮುಖ್ಯವೆನ್ನಿಸುವುದು ತೀರ್ಪಿಗೂ ಹಿಂದಿನ ವಾರಗಳು: ಅರ್ಧ ಕ್ರಮ ಕೈಗೊಂಡದ್ದರಿಂದ ಬೆದರಿಕೆಯೂ ನಿಲ್ಲಲಿಲ್ಲ, ಅದನ್ನು ಕೇಳಿಸಿಕೊಳ್ಳುತ್ತಿದ್ದ ಏಕೈಕ ಜಾಗವೂ ಉಳಿಯಲಿಲ್ಲ. ನಮ್ಮ 2017ರ ಕಾಯ್ದೆಯ 23ನೇ ಸೆಕ್ಷನ್ ಜೀವಕ್ಕೆ ಅಪಾಯವಿದ್ದಾಗ ಅಥವಾ ಇನ್ನೊಬ್ಬರನ್ನು ಹಾನಿಯಿಂದ ಕಾಯಬೇಕಾದಾಗ ಗೋಪ್ಯತೆಯನ್ನು ಸಡಿಲಿಸುತ್ತದೆ, ಅಗತ್ಯವಿದ್ದಷ್ಟು ಮಾತ್ರ. ಎಷ್ಟು ಅಗತ್ಯ ಎಂಬ ತೀರ್ಮಾನ ಚಿಕಿತ್ಸಕರ ಹೆಗಲಿಗೇ ಬೀಳುತ್ತದೆ.

ಸ್ಪಂದನೆಯ ಹಳೆಯ ರೂಪ ‘ಹಾಗೆ ಮಾಡಿಕೊಳ್ಳುವುದಿಲ್ಲ’ ಎಂದು ಮಾತು ತೆಗೆದುಕೊಳ್ಳುವುದು. ನಮ್ಮಲ್ಲಿ ಆಣೆ ಹಾಕಿಸಿಕೊಳ್ಳುವವರೂ ಇದ್ದಾರೆ. ಅದರಿಂದ ಜೀವ ಉಳಿಯುತ್ತದೆಂಬುದಕ್ಕೆ ಪುರಾವೆಯಿಲ್ಲ. ಆಣೆ ಮುರಿದೇನೆಂಬ ಭಯಕ್ಕೆ ಮುಂದಿನ ಭೇಟಿಯೇ ತಪ್ಪಬಹುದು. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷಾ ಯೋಜನೆ ಬೇರೆ ಬಗೆಯದು. ಮುನ್ಸೂಚನೆ ಏನು, ತಾನಾಗಿ ಮಾಡಬಹುದಾದ್ದೇನು, ಎಲ್ಲಿಗೆ ಹೋಗಬಹುದು, ಯಾರಿಗೆ ಹೇಳಬಹುದು, ಯಾವ ವೈದ್ಯರಿಗೆ ಕರೆ ಮಾಡಬಹುದು, ಅಪಾಯದ ವಸ್ತುವನ್ನು ದೂರವಿಡುವುದು ಹೇಗೆ ಎಂದು ಇಬ್ಬರೂ ಕೂತು ಬರೆಯುವ ಒಂದು ಹಾಳೆ. ಇದರ ಜೊತೆ ಫೋನಿನಲ್ಲಿ ವಿಚಾರಿಸುತ್ತ ಬಂದಾಗ ಆರು ತಿಂಗಳಲ್ಲಿ ಆತ್ಮಹತ್ಯಾ ವರ್ತನೆ ಸುಮಾರು 45% ಕಡಿಮೆಯಿತ್ತೆಂದು 2018ರ ಅವರ ಅಧ್ಯಯನ ತೋರಿಸಿತು.

ಈ ಹಾಳೆಯನ್ನು ಹಳ್ಳಿಮನೆಗೆ ಒಯ್ದರೆ ಏನಾಗುತ್ತದೆಂದು ಕಲ್ಪಿತ ಉದಾಹರಣೆಯೊಂದರಲ್ಲಿ ನೋಡೋಣ. ಸಾಲದಲ್ಲಿ ಸಿಕ್ಕಿಬಿದ್ದ ಸಣ್ಣ ರೈತ. ಮುನ್ಸೂಚನೆಯ ಸಾಲಿನಲ್ಲಿ ಆತ ಬರೆಸುವುದು: ‘ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಬಡ್ಡಿ ಲೆಕ್ಕ ಶುರುವಾದರೆ.’ ಮನಸ್ಸು ತಿರುಗಿಸಲು: ‘ಕೊಟ್ಟಿಗೆಗೆ ಹೋಗಿ ದನಕ್ಕೆ ಹುಲ್ಲು ಹಾಕುವುದು.’ ಚೆನ್ನಾಗಿದೆ, ಅವನದೇ ಉಪಾಯ. ಕೊನೆಯ ಸಾಲಿಗೆ ಬಂದಾಗ ಚಿಕಿತ್ಸಕಿ ಕೇಳುತ್ತಾಳೆ, ಬೆಳೆಗೆ ಹೊಡೆಯುವ ಔಷಧಿ ಎಲ್ಲಿಟ್ಟಿರುತ್ತೀರಿ? ಕೊಟ್ಟಿಗೆಯ ಅಟ್ಟದಲ್ಲಿ. ಸಮಾಧಾನಕ್ಕೆಂದು ಆರಿಸಿದ ಜಾಗವೂ ಅಪಾಯದ ಜಾಗವೂ ಒಂದೇ ಎಂಬುದು ಕೇಳದೆ ತಿಳಿಯುತ್ತಿರಲಿಲ್ಲ. ಯೋಜನೆ ಮತ್ತೆ ಬರೆಯಬೇಕು. ಮನೆಯಲ್ಲೇ ಬೀಗ ಹಾಕಿದರೆ ಸಾಲದೇ? ಶ್ರೀಲಂಕಾದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳನ್ನು ಒಳಗೊಂಡ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಗದ ಪೆಟ್ಟಿಗೆ ಕೊಟ್ಟರೂ ಕೀಟನಾಶಕ ಸೇವನೆ ಕಡಿಮೆಯಾಗಲಿಲ್ಲ. ಕೀಲಿ ಮನೆಯಲ್ಲೇ ಇರುತ್ತದಲ್ಲ. ಹಾಗಾಗಿ ಬಾಟಲಿ ಮನೆಯಿಂದಾಚೆ ಹೋಗಬೇಕು: ಅಣ್ಣನ ಮನೆಗೆ, ಇಲ್ಲವೇ ಉಳಿದದ್ದನ್ನು ಅಂಗಡಿಗೆ ಹಿಂದಿರುಗಿಸಿ, ಹೊಡೆಯುವ ದಿನವಷ್ಟೇ ತರುವ ಏರ್ಪಾಟಿಗೆ. ಇದಕ್ಕೆ ಮನೆಯವರ ಸಹಾಯ ಬೇಕು. ಅವರಿಗೆ ಎಷ್ಟು ಹೇಳಬೇಕು ಎಂಬುದನ್ನು ಅವನೆದುರೇ, ಅವನ ಒಪ್ಪಿಗೆಯಿಂದ ಗೊತ್ತುಮಾಡಿಕೊಂಡರೆ ಮುಂದಿನ ವಾರವೂ ಅವನು ಬರುತ್ತಾನೆ.

ಮನೆಯವರೇ ಅಪಾಯವಾದಾಗ ಈ ಹಾಳೆ ತಿರುಗುಬಾಣ. ಹೊಡೆಯುವ ಗಂಡನ ಹೆಸರು ‘ಸಹಾಯಕ್ಕೆ ಕರೆಯಬೇಕಾದವರು’ ಪಟ್ಟಿಯಲ್ಲಿ ಬಂದುಬಿಡುವುದುಂಟು, ಏಕೆಂದರೆ ಭೇಟಿಗೆ ಕರೆತಂದವನು ಅವನೇ. ಸ್ವಲ್ಪ ಹೊತ್ತಾದರೂ ಅವಳೊಬ್ಬಳನ್ನೇ ಮಾತಾಡಿಸದೆ ಯಾವ ಮೌಲ್ಯಮಾಪನವೂ ಪೂರ್ಣವಲ್ಲ. ಜಾಕ್ವೆಲಿನ್ ಕ್ಯಾಂಪ್‌ಬೆಲ್ ರೂಪಿಸಿದ ಅಪಾಯ ಮಾಪನ ಕಲಿಸುವುದೂ ಇದನ್ನೇ: ಕುತ್ತಿಗೆ ಹಿಸುಕಿದ್ದುಂಟೇ, ಬಿಟ್ಟುಹೋಗುವ ಮಾತು ಬಂದಾಗ ಹಿಂಸೆ ಹೆಚ್ಚಿದೆಯೇ ಎಂದು ಹೆಸರಿಟ್ಟು ಕೇಳಬೇಕು. ಬರೆದ ಕಾಗದ ಮನೆಗೆ ಹೋಗಬಾರದು. 181 ಸಹಾಯವಾಣಿ, ಸಾಂತ್ವನ ಕೇಂದ್ರ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿಯ ರಕ್ಷಣಾಧಿಕಾರಿ, ಇವೆಲ್ಲ ಅವಳ ನೆನಪಿನಲ್ಲಿರಲಿ.

ಭೇಟಿ ಮುಗಿದ ಮೇಲಿನ ಕೆಲಸವನ್ನು ನಾವು ಹಗುರವಾಗಿ ಕಾಣುತ್ತೇವೆ. ಚೆನ್ನೈ ಸೇರಿ ಐದು ಕೇಂದ್ರಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತ್ಮಹತ್ಯೆಗೆ ಯತ್ನಿಸಿದ 1,867 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸಿಕ್ಕ ಹೆಚ್ಚುವರಿ ಸೇವೆಯೆಂದರೆ ಸುಮಾರು ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನ್ ಅಥವಾ ಭೇಟಿ. ಆತ್ಮಹತ್ಯೆಯಿಂದ ಸತ್ತವರು ಆ ಗುಂಪಿನಲ್ಲಿ 0.2%, ಮಾಮೂಲಿ ಆರೈಕೆಯ ಗುಂಪಿನಲ್ಲಿ 2.2%. ‘ಹೇಗಿದ್ದೀರಿ’ ಎಂದು ವಿಚಾರಿಸುವ ಕರೆಗೆ ದುಬಾರಿ ಪರಿಣತಿ ಬೇಕಿಲ್ಲ. 2022ರಲ್ಲಿ ಆರಂಭವಾದ, ನಿಮ್ಹಾನ್ಸ್ ಮುಂಚೂಣಿಯಲ್ಲಿರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಹಾಳೆಯಲ್ಲಿ ಬರೆದುಕೊಟ್ಟರೆ ಸಾಲದು. ಚಿಕಿತ್ಸಕರ ಕಡೆಯಿಂದಲೇ ಕರೆ ಹೋಗಬೇಕು.

ನನ್ನ ವಾದ ತೊಡರುವುದು ಒಂದು ಕಡೆ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ 18 ತುಂಬದವರ ಮೇಲಿನ ಲೈಂಗಿಕ ಅಪರಾಧ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕೆನ್ನುತ್ತದೆ, ತಿಳಿಸದಿದ್ದರೆ ಶಿಕ್ಷೆಯುಂಟು. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿರುವಾಗ ಇದು ಸರಿಯಾದ ಕಟ್ಟುಪಾಡು, ಅಲ್ಲಿ ಮಾತಿಲ್ಲ. ಆದರೆ ಪ್ರೀತಿಸಿದ ಹುಡುಗನ ವಿಷಯ ಮನೆಯಲ್ಲಿ ಗೊತ್ತಾಗಿ ಸಾಯುವ ಯೋಚನೆಯಲ್ಲಿರುವ 17ರ ಹುಡುಗಿ ಬಂದಾಗ? ಕಾಯ್ದೆ ಅವಳ ಸಮ್ಮತಿಯನ್ನು ಒಪ್ಪುವುದಿಲ್ಲ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ವಯೋಮಿತಿಯ ಬಗ್ಗೆ ಮರುಚಿಂತಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗ 2023ರ ವರದಿಯಲ್ಲಿ ವಯಸ್ಸು ಬದಲಾಗಬಾರದೆಂದಿತು, 16ರಿಂದ 18ರವರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆಯಿರಲಿ ಎಂದಿತು. ವಿವೇಚನೆ ನ್ಯಾಯಾಧೀಶರಿಗೆ, ಚಿಕಿತ್ಸಕರಿಗಲ್ಲ. ಗೋಪ್ಯತೆಯ ಮಿತಿಯನ್ನು ಮೊದಲ ಭೇಟಿಯ ಆರಂಭದಲ್ಲೇ ಹೇಳಿಬಿಡುವುದು ಪ್ರಾಮಾಣಿಕ ದಾರಿ. ಹಾಗೆ ಹೇಳಿದೊಡನೆ ಆ ಹುಡುಗಿ ಪ್ರೀತಿಯ ವಿಷಯ ನುಂಗಿಕೊಂಡು ‘ಓದಿನ ಟೆನ್ಷನ್’ ಎನ್ನಬಹುದು, ಸಾಯುವ ಯೋಚನೆಯೂ ಅದರ ಜೊತೆಯಲ್ಲೇ ಮುಚ್ಚಿಹೋಗಬಹುದು. ಸಾವಿನ ಬಗ್ಗೆ ಮಾತಾಡಲು ಸಂಬಂಧದ ವಿವರ ಬೇಕಿಲ್ಲ ಎಂದು ಅವಳಿಗೆ ಸ್ಪಷ್ಟಪಡಿಸಿ, ಆ ಒಂದು ಬಾಗಿಲನ್ನಾದರೂ ತೆರೆದಿಡುವ ಪ್ರಶ್ನೆಗಳನ್ನು ನಮ್ಮ ತರಬೇತಿ ಪಠ್ಯಗಳು ಇನ್ನು ಮೇಲೆ ರೂಪಿಸಬೇಕಾಗಿದೆ.