ಸೋಮವಾರದ ಬಿತ್ತನೆ: ಪುಟ್ಟ ಲೆಟ್ಯೂಸಿನ ಕಥೆ



ಲೆಟ್ಯೂಸ್ ಎಂಬ ಸೊಪ್ಪನ್ನು ಪಟ್ಟಣದ ಮಾರುಕಟ್ಟೆಯಲ್ಲಿ ನೀವು ನೋಡಿರಬಹುದು. ಎಲೆಕೋಸಿನ ಹಾಗೆ ಸುತ್ತಿಕೊಂಡಿದ್ದರೂ ಎಲೆ ಮೆತ್ತಗೆ, ಹಸಿಯಾಗಿಯೇ ತಿನ್ನುವಂಥದು. ಇದರಲ್ಲಿ ಪುಟ್ಟ ತಳಿಗಳೂ ಉಂಟು. ಅಂಥದೊಂದು ತಳಿ ಇನ್ನೂರು ವರ್ಷದ ಹಿಂದೆ ಒಂದು ದೊಡ್ಡ ಮನೆಯ ಊಟಕ್ಕೆ ಹೇಗೆ ಒದಗಿತು, ಅದಕ್ಕೆ ಯಾರು ದುಡಿದರು, ಹೇಳುತ್ತೇನೆ ಕೇಳಿ.

ಅಮೆರಿಕದ ವರ್ಜೀನಿಯದಲ್ಲಿ ಮಾಂಟಿಚೆಲೊ ಎಂಬ ಎಸ್ಟೇಟು. ಅದರ ಒಡೆಯರು ಥಾಮಸ್ ಜೆಫರ್ಸನ್. 1801ರಿಂದ 1809ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದವರು. ಗುಡ್ಡದ ಇಳಿಜಾರನ್ನು ಕಡಿಸಿ 1,000 ಅಡಿ ಉದ್ದದ ತರಕಾರಿ ತೋಟ ಮಾಡಿಸಿದರು. ಅಲ್ಲಿ ಬೆಳೆದ ಲೆಟ್ಯೂಸುಗಳಲ್ಲಿ 'ಟೆನ್ನಿಸ್ ಬಾಲ್' ಎಂಬುದು ಪುಟ್ಟ ತಳಿ.

ಲೆಟ್ಯೂಸಿಗೆ ಒಂದು ದೋಷ ಉಂಟು. ಬಿಸಿಲೇರಿದರೆ ದಂಟು ಎದ್ದು ಹೂವಿಗೆ ಬರುತ್ತದೆ, ಎಲೆ ಕಹಿಯಾಗುತ್ತದೆ. ಒಂದೇ ಸಲ ಮಡಿ ತುಂಬ ಬಿತ್ತಿದರೆ ತಿಂದು ಮುಗಿಸುವುದರೊಳಗೆ ಕೆಟ್ಟುಹೋಗುತ್ತದೆ. ಇದಕ್ಕೆ ಜೆಫರ್ಸನ್ ಬರೆದಿಟ್ಟ ಉಪಾಯ ನೋಡಿ: ಫೆಬ್ರವರಿ 1ರಿಂದ ಸೆಪ್ಟೆಂಬರ್ 1ರವರೆಗೆ ಪ್ರತಿ ಸೋಮವಾರ ಬೆಳಿಗ್ಗೆ, ದರ್ಜಿ ಬೆರಳಿಗೆ ಹಾಕಿಕೊಳ್ಳುವ ಟೋಪಿಯ ತುಂಬ ಬೀಜ. ಅಷ್ಟೇ!

ಉಪಾಯ ಒಡೆಯರದು, ದುಡಿಮೆ ಯಾರದು? ಗುಲಾಮರದು. ವರ್ಮ್ಲಿ ಹ್ಯೂಸ್ ಎಂಬ ಗುಲಾಮ ತೋಟಗಾರನ ಹೆಸರು ದಾಖಲೆಯಲ್ಲಿ ಉಳಿದಿದೆ. ಗುಲಾಮ ಕುಟುಂಬಗಳು ಬಿಡುವಿನಲ್ಲಿ ತಮ್ಮದೇ ಕೈತೋಟ ಮಾಡಿ, ಒಡೆಯನ ಮನೆಗೇ ತರಕಾರಿ ಮಾರುತ್ತಿದ್ದರು. ಜೆಫರ್ಸನ್ನರ ಮೊಮ್ಮಗಳು 1805ರಿಂದ 1808ರವರೆಗೆ ಬರೆದ ಲೆಕ್ಕದಲ್ಲಿ ಇದು ಕಾಣುತ್ತದೆ. ಸೊಪ್ಪಿಗೆ ಬೆರೆಸುವ ಎಣ್ಣೆಗೆಂದು ಜೆಫರ್ಸನ್ ನಮ್ಮ ಎಳ್ಳನ್ನೂ ಬೆಳೆಸಿ ನೋಡಿದರು. ಆ ಎಳ್ಳು ಆ ಸೀಮೆಗೆ ಬಂದದ್ದು ಆಫ್ರಿಕದ ಗುಲಾಮರ ಜೊತೆಗೆ.

ಅವರ ಬಂಧು ಮೇರಿ ರ‍್ಯಾಂಡಾಲ್ಫ್ 1824ರಲ್ಲಿ ಅಡಿಗೆ ಪುಸ್ತಕ ಅಚ್ಚುಹಾಕಿಸಿದರು. ಸೊಪ್ಪನ್ನು ಬೆಳಗಿನ ಜಾವ ಕಿತ್ತು, ತೊಳೆದು ತಣ್ಣೀರಿನಲ್ಲಿ ಇಡಬೇಕು. ಊಟದ ಹೊತ್ತಿಗೆ ನೀರು ಬಸಿದು ಹೆಚ್ಚಬೇಕು ಅಂತ ಅದರಲ್ಲಿದೆ.

ನಿಮ್ಮ ಹಿತ್ತಲಿಗೂ ಇದೇ ಕ್ರಮ ಸಾಕು. ಚಳಿಗಾಲದಲ್ಲಿ ವಾರಕ್ಕೊಂದು ಚಿಟಿಕೆ ಬೀಜ ಬಿತ್ತಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಸಸಿಗಳ ನಡುವೆ ಗೇಣು ಅಂತರವಿರಲಿ, ಮಣ್ಣು ಒಣಗದಿರಲಿ. ಎಲೆಯನ್ನು ಕೈಯಿಂದ ಹರಿದು ಹೆಸರುಬೇಳೆ ಕೋಸಂಬರಿಗೆ ಬೆರೆಸಿ. ಉಪ್ಪು, ನಿಂಬೆರಸ ಬಡಿಸುವಾಗ ಹಾಕಿ, ಮೊದಲೇ ಹಾಕಿದರೆ ಬಾಡೀತು. ಒಂದೆರಡು ಗಿಡ ಹೂವಿಗೆ ಬಿಡಿ, ಮುಂದಿನ ವರ್ಷಕ್ಕೆ ಬೀಜ ನಿಮ್ಮದೇ.

ಮಾಂಟಿಚೆಲೊದಲ್ಲಿ ದುಡಿದ ಕೈ ಬೇರೆ, ಉಂಡ ಬಾಯಿ ಬೇರೆ. ನಿಮ್ಮ ಪುಟ್ಟ ಮಡಿಯಲ್ಲಿ ಎರಡೂ ನಿಮ್ಮವೇ.